ಸೋತವರ ಸರದಿ

ನನ್ನ ನಾದಿನಿ ಟೆನಿಸ್ ಪಂದ್ಯಾವಳಿಯ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತಳು. ಸೋಲಿಸಿದವಳು ನಮ್ಮ ಕೋಣೆಯಲ್ಲೇ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗುವ ಅವಳ ಗೆಳತಿ. ಆಕೆಯನ್ನು ಎಲ್ಲರೂ ಏಣಿ ಎನ್ನುತ್ತಾರೆ, ಅಷ್ಟು ಉದ್ದ. ಏಣಿ ನನ್ನ ನಾದಿನಿಯನ್ನು ಮೋಟು ಎನ್ನುತ್ತಾಳೆ. ಇಬ್ಬರಿಗೂ ತರಬೇತುದಾರರಿಲ್ಲ. ನಾದಿನಿಗೆ ಕಲಿಸಿದವರು ಅವಳ ಅಣ್ಣ, ನನ್ನ ಗಂಡ. ಅವರು ತೀರಿಹೋದ ಮೇಲೆ ಅವಳು ನನ್ನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದು ತನ್ನ ಜೊತೆ ಊರೂರು ಸುತ್ತಿಸುತ್ತಿದ್ದಾಳೆ. ನಾನು ಫಿಸಿಯೋಥೆರಪಿ ಓದಿದವಳು. ಆಟ ಗೊತ್ತಿಲ್ಲ, ಕಾಲುಗಳು ಗೊತ್ತು.

ಬೇರೆ ಯಾರೂ ಸಿಗದೆ, ಆ ದಿನ ಬೆಳಿಗ್ಗೆ ಇಬ್ಬರೂ ಒಬ್ಬರ ಜೊತೆ ಒಬ್ಬರು ಅಭ್ಯಾಸ ಮಾಡಿ ಮಧ್ಯಾಹ್ನ ಒಬ್ಬರ ವಿರುದ್ಧ ಒಬ್ಬರು ಆಡಿದ್ದರು. ಕೊನೆಯ ಗೇಮಿನಲ್ಲಿ ನಾದಿನಿ ಬಲೆಯ ಹತ್ತಿರ ಮೆಲ್ಲಗೆ ಬೀಳಿಸಿದ ಚೆಂಡಿಗೆ ಏಣಿ ಓಡಿದಳು. ಚೆಂಡು ಸಿಕ್ಕಿತು, ಪಾದ ಹೊರಳಿತು. ಗೆದ್ದವಳು ಸೋತವಳ ಹೆಗಲ ಮೇಲೆ ಕೈಹಾಕಿ ಕುಂಟುತ್ತಾ ಹೊರಬಂದಳು.

ನಾವು ಊರಿಗೆ ಹೊರಡಲಿಲ್ಲ. ಮುಖ್ಯ ಸುತ್ತಿಗೆ ಬಂದವರಲ್ಲಿ ಯಾರಾದರೂ ಹಿಂದೆ ಸರಿದರೆ, ಕೊನೆಯ ಪಂದ್ಯದಲ್ಲಿ ಸೋತವರಲ್ಲಿ ಒಬ್ಬರಿಗೆ ಆ ಜಾಗ ಸಿಗುತ್ತದೆ. ಮೊದಲ ಸರದಿ ನಾದಿನಿಯದಾಗಿತ್ತು. ಬೆಳಿಗ್ಗೆ ಕ್ರೀಡಾಂಗಣದ ಕಚೇರಿಯಲ್ಲಿ ಹಾಜರಿ ಹಾಕಿ, ಶೂ ಬಿಚ್ಚದೆ ಕಾಯಬೇಕು. ಕಾಯುವವರು ಎದುರು ಬಂದ ಆಟಗಾರ್ತಿಯರೆಲ್ಲರ ಆರೋಗ್ಯವನ್ನು ಬಹಳ ಅಕ್ಕರೆಯಿಂದ ವಿಚಾರಿಸುತ್ತಾರೆ. ಒಬ್ಬಳು ಸೀನಿದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ.

ಅತ್ತೆಗೆ ಫೋನಿನಲ್ಲಿ ಇದನ್ನು ವಿವರಿಸಿದೆ. ಬಸ್ಸು ಹೋದ ಮೇಲೆ ಟಿಕೆಟ್ ಕೊಂಡು ಕೂತಿದ್ದೀರಲ್ಲ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಯಾರಿಗಾದರೂ ನೆಗಡಿಯಾಗಲಿ ಎಂದು ಬೇಕಾದರೆ ಬೇಡಿಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚಿನದು ನನ್ನ ಬಾಯಲ್ಲಿ ಬರುವುದಿಲ್ಲ ಎಂದರು.

ನಮ್ಮ ಕೋಣೆಯಲ್ಲೇ ಒಂದು ಪಾದ ಊದಿಕೊಂಡಿದೆ ಎಂದು ಅವರಿಗೆ ಹೇಳಲಿಲ್ಲ. ಕೋಣೆಯಲ್ಲೂ ಅದರ ಮಾತನ್ನು ಯಾರೂ ಎತ್ತಲಿಲ್ಲ. ನಾದಿನಿ ಐಸ್ ತಂದುಕೊಡುತ್ತಿದ್ದಳು, ಏಣಿ ಇಟ್ಟುಕೊಳ್ಳುತ್ತಿದ್ದಳು. ಇಬ್ಬರೂ ಬೇರೆ ಆಟಗಾರ್ತಿಯರ ಸರ್ವ್ ಅಣಕಿಸಿ ನಗುತ್ತಿದ್ದರು.

ತನ್ನ ಪಂದ್ಯದ ದಿನ ಬೆಳಿಗ್ಗೆ ಏಣಿ ಮಂಚದ ಮೇಲೆ ಕೂತು ಕಾಲನ್ನು ನನ್ನ ಮಡಿಲಲ್ಲಿಟ್ಟು, ಟೇಪ್ ಸುತ್ತಿಕೊಡಿ ಎಂದಳು. ನಾನು ಮೊದಲು ಹಿಮ್ಮಡಿ ಹಿಡಿದು ಮುಂದಕ್ಕೆ ಎಳೆದು ನೋಡಿದೆ. ತಡೆದು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಸಡಿಲವಾಗಿ ಬಂತು; ಕೀಲನ್ನು ಹಿಡಿದಿಡುವ ನಾರು ಹರಿದಿತ್ತು. ಒಂಟಿ ಕಾಲಲ್ಲಿ ನಿಲ್ಲು ಎಂದೆ. ನಿಂತಳು, ಗೋಡೆ ಹಿಡಿದುಕೊಂಡಳು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ನಾದಿನಿ ಕೇಳಿಸಿಕೊಳ್ಳುತ್ತಿದ್ದಳು.

ಆಡಬೇಡ ಎಂದರೆ ಆ ಜಾಗ ನನ್ನ ನಾದಿನಿಗೆ. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಟೇಪ್ ತೆಗೆದು ಸುತ್ತತೊಡಗಿದೆ, ಹಿಮ್ಮಡಿಯ ಕೆಳಗಿನಿಂದ ಹೊರಗಿನ ಕಾಲ್ಗಂಟಿನ ಮೇಲಕ್ಕೆ, ಪಟ್ಟಿಯ ಮೇಲೆ ಪಟ್ಟಿ.

ಏಣಿ ನನ್ನ ಕೈಯನ್ನೇ ನೋಡುತ್ತಾ ಕೇಳಿದಳು.

"ಅತ್ತಿಗೆ, ಇದು ಮೋಟುವಿನ ಕಾಲಾಗಿದ್ರೆ ಏನ್ ಹೇಳ್ತಿದ್ರಿ?"

ನಾನು ಸುತ್ತುವುದನ್ನು ನಿಲ್ಲಿಸಿದೆ. "ಆಡ್ಬೇಡ ಅಂತಿದ್ದೆ."

"ಅವಳು ಮಾತು ಕೇಳದಿದ್ರೆ?"

"ಶೂ ಬಚ್ಚಿಡ್ತಿದ್ದೆ."

ನಾದಿನಿ ಒದ್ದೆ ತಲೆಯಲ್ಲೇ ಹೊರಬಂದಳು. "ನೀವು ಸುಮ್ನಿರಿ ಅತ್ತಿಗೆ. ಗಟ್ಟಿಯಾಗಿ ಸುತ್ತಿ, ಅವಳು ಆಡ್ತಾಳೆ. ನನಗೇನೂ ಅವಳ ಜಾಗ ಬೇಡ."

"ಬೇಡ್ವಂತೆ," ಎಂದಳು ಏಣಿ. "ಶೂ ಹಾಕ್ಕೊಂಡೇ ಸ್ನಾನ ಮಾಡೋಳು."

ನಾದಿನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅಳುವನ್ನೂ ತಡೆಯಲಾಗಲಿಲ್ಲ. ಏಣಿ ಅಳಲಿಲ್ಲ. ಬಗ್ಗಿ, ನಾನು ಸುತ್ತಿದ್ದ ಟೇಪನ್ನು ತುದಿಯಿಂದ ನಿಧಾನವಾಗಿ ಬಿಚ್ಚಿದಳು. ಎಷ್ಟೋ ವರ್ಷಗಳಿಂದ ಅವಳು ಈ ಪಂದ್ಯಾವಳಿಯ ಬಾಗಿಲವರೆಗೆ ಬಂದು ಹಿಂದಿರುಗಿದ್ದಳು. ಒಳಗೆ ಬಂದದ್ದು ಇದೇ ಮೊದಲು.

ಕ್ರೀಡಾಂಗಣದ ವೈದ್ಯರೂ ಪಾದವನ್ನು ನೋಡಿ ನನ್ನ ಮಾತನ್ನೇ ಹೇಳಿದರು. ಏಣಿ ಕಚೇರಿಗೆ ಕುಂಟುತ್ತಾ ಹೋಗಿ ಹಿಂದೆ ಸರಿದಳು. ನಾದಿನಿ ಅವಳ ಕಣ್ಣು ತಪ್ಪಿಸಿ ರಾಕೆಟ್ಟಿನ ಹಿಡಿಗೆ ಪಟ್ಟಿ ಸುತ್ತುತ್ತಾ ನಿಂತಿದ್ದಳು. ಹೊರಗೆ ಬಂದವಳೇ ಏಣಿ ಅವಳ ಕಿವಿ ಹಿಂಡಿದಳು.

"ಮುಖ ಸರಿ ಮಾಡ್ಕೋ. ಹೀಗೆ ಅಳ್ತಾ ಸೋತ್ರೆ ಈ ಕಾಲಲ್ಲೇ ಒದೀತೀನಿ."

ಏಣಿಯ ಜಾಗದಲ್ಲಿ ಆಡಿದ ನಾದಿನಿಗೆ ಎದುರಾಳಿ ಹೆಸರಾದ ಆಟಗಾರ್ತಿ. ಮೊದಲ ಸೆಟ್ ನೋಡನೋಡುತ್ತಿದ್ದಂತೆ ಕೈತಪ್ಪಿತು. ಏಣಿ ನನ್ನ ಪಕ್ಕದಲ್ಲಿ ಕೂತು ಕಾಲನ್ನು ನನ್ನ ತೊಡೆಯ ಮೇಲೆ ಹಾಕಿದ್ದಳು. ನಾನು ಐಸ್ ಒತ್ತಿ ಹಿಡಿದಿದ್ದೆ. ಹಿಂದೆ ನಿಲ್ಲು, ಎಡಕ್ಕೆ ಹೊಡಿ, ಮಂಡಿ ಬಗ್ಗಿಸು ಎಂದು ಅವಳು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ಅಂಪೈರ್ ಒಮ್ಮೆ ತಿರುಗಿ ನೋಡಿದ. ನಾದಿನಿಯೂ ತಿರುಗಿ, ನೀನೇ ಬಂದು ಆಡು ಎನ್ನುವಂತೆ ರಾಕೆಟ್ ಚಾಚಿದಳು.

ಎರಡನೆಯ ಸೆಟ್ಟಿನಲ್ಲಿ ನಾದಿನಿ ಒಂದು ಗೇಮ್ ತೆಗೆದಳು. ಮತ್ತೊಂದು ತೆಗೆದಳು. ಎದುರಾಳಿ ಮೊದಲ ಸಲ ಟವೆಲಿನಿಂದ ಮುಖ ಒರೆಸಿಕೊಂಡು ಇವಳತ್ತ ಸರಿಯಾಗಿ ನೋಡಿದಳು. ಏಣಿಯ ಕೂಗು ನಿಂತಿತು. ಅವಳ ಕೆನ್ನೆ ತೋಯ್ದಿತ್ತು. ಒರೆಸಿಕೊಳ್ಳಲಿಲ್ಲ.

"ಚೆನ್ನಾಗಿ ಆಡ್ತಿದಾಳೆ ಅಲ್ವಾ ಅತ್ತಿಗೆ?"

"ಹೌದು," ಎಂದೆ. "ಕಾಲು ಅಲ್ಲಾಡಿಸ್ಬೇಡ."