ಸಡಿಲಾದ ಕಾಲುಂಗುರ

ಕೆಂಡದ ಮೇಲೆ ಉದುರಿಸಿದ ಅಜವಾನದ ವಾಸನೆ ಎಂದರೆ ನಾಗರತ್ನಾಳಿಗೆ ತವರೂರು ಹೂಲಿಯ ಒಳಕೋಣೆ. ಅವಳು ಆರು ವರ್ಷದವಳಿದ್ದಾಗ ಅವ್ವ ಅಲ್ಲಿಯೇ ತಮ್ಮನನ್ನು ಹೆತ್ತಿದ್ದಳು. ಸುತ್ತಲೂ ಹೆಂಗಸರು, ಹೊಗೆ, ನಗು. ಹೆರಿಗೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದಳು. ಆದರೆ ತನ್ನ ಚೊಚ್ಚಲ ಹೆರಿಗೆಯಲ್ಲಿ, ದೂರದ ಊರಿನ ಆಸ್ಪತ್ರೆಯವರು ಅವ್ವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಿದ್ದರು. ನಾಗರತ್ನಾ ಇಡೀ ಹಗಲು ಒಬ್ಬಳೇ ಗೋಡೆ ನೋಡುತ್ತ ನೋವು ತಿಂದಿದ್ದಳು. ಈ ಸಲ ಸಂಗೊಳ್ಳಿಯ ಗಂಡನ ಮನೆಯಲ್ಲೇ, ಜೈಬುನ್ನಿಸಾಳ ಕೈಯಲ್ಲೇ ಎಂದು ಹಟ ಹಿಡಿದಳು.

ಜೈಬುನ್ನಿಸಾ ಊರಿನ ಸೂಲಗಿತ್ತಿ. ಬೈಲಹೊಂಗಲದಲ್ಲಿ ಸರಕಾರಿ ತರಬೇತಿ ಮುಗಿಸಿ, ಹೊಸ ಬ್ಲೇಡು, ದಾರ, ಸಾಬೂನಿನ ಪೆಟ್ಟಿಗೆ ತಂದವಳು. ಒಂದು ಕರಾರಿನ ಮೇಲೆ ಒಪ್ಪಿದಳು: ತಾನು ಏಳು ಎಂದರೆ ಮರುಮಾತಿಲ್ಲದೆ ಆಸ್ಪತ್ರೆಗೆ ಹೊರಡಬೇಕು. ಅದಕ್ಕೆಂದೇ ಅಕ್ಕನ ಮಗ ಖಾಲಿದನ ಟೆಂಪೋ ಗೊತ್ತು ಮಾಡಿಟ್ಟಿದ್ದಳು. ವಾರಕ್ಕೊಮ್ಮೆ ಬಂದು ಹೊಟ್ಟೆ ಮುಟ್ಟಿ ನೋಡಿ, ಕೊನೆಗೆ ಕಾಲುಂಗುರ ತಿರುಗಿಸುವಳು. ತಿರುಗಿದರೆ ಕಾಲಿಗೆ ಬಾವು ಬಂದಿಲ್ಲವೆಂದು ಅರ್ಥ. ಹೊರಡುವಾಗ ಅತ್ತೆ ಗುರುಬಸವ್ವ ಮೊರದಲ್ಲಿ ಜೋಳ ಕೊಡುವಳು. ಬೇಯಿಸಿದ್ದನ್ನು ಆ ಮನೆಯವರು ಅವಳಿಗೆ ಕೊಟ್ಟದ್ದಿಲ್ಲ, ಅವಳು ಕೇಳಿದ್ದೂ ಇಲ್ಲ.

ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಉಂಗುರ ಬೆರಳಿಗೆ ಕಚ್ಚತೊಡಗಿತು. ತಲೆಯೂ ಸಿಡಿಯುತ್ತಿತ್ತು. ನಾಗರತ್ನಾ ಕೂತಲ್ಲಿ ಕೂರಲಾರದೆ ಹಿತ್ತಲಿಗೂ ಪಡಸಾಲೆಗೂ ತಿರುಗಿದಳು. ಕಣ್ಣ ಮುಂದೆ ಮತ್ತೆ ಆ ಆಸ್ಪತ್ರೆಯ ಗೋಡೆ. ಉಂಗುರ ತೆಗೆದಿಟ್ಟರೆ ಅತ್ತೆ ಕೇಳುತ್ತಾಳೆ, ಹಾಗೇ ಬಿಟ್ಟರೆ ಜೈಬುನ್ನಿಸಾ ಚಾಚಿಗೆ ತಿಳಿಯುತ್ತದೆ. ಗಂಡನ ಸೈಕಲ್ ಸಾಮಾನಿನಿಂದ ಇಕ್ಕಳ ತಂದು ಎರಡೂ ಉಂಗುರಗಳ ಬಾಯಿ ಅಗಲಿಸಿಕೊಂಡಳು.

ಮರುದಿನ ಬೆಳಿಗ್ಗೆ ಜೈಬುನ್ನಿಸಾ ಬಂದು ತಿರುಗಿಸಿದಾಗ ಉಂಗುರ ಸಲೀಸಾಗಿ ತಿರುಗಿತು. ನಾಗರತ್ನಾಳಿಗೆ ಉಸಿರು ಬಂತು. ಆದರೆ ಜೈಬುನ್ನಿಸಾಳ ಬೆರಳು ಅಲ್ಲೇ ನಿಂತಿತು. ಒಂದರ ಮೇಲೊಂದು ಕೂತಿರುತ್ತಿದ್ದ ತುದಿಗಳ ನಡುವೆ ಈಗ ಜೋಳದ ಕಾಳು ಹಿಡಿಯುವಷ್ಟು ಸಂದು. ಅವಳು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಬಿದ್ದ ಕುಳಿ ಹಾಗೆಯೇ ಉಳಿಯಿತು.

"ಉಂಗುರ ಹಿಗ್ಗಸೂ ಪತ್ತಾರ ಕೆಲಸ ಯಾವಾಗ ಕಲತಿ, ನಾಗವ್ವಾ?"

ನಾಗರತ್ನಾ ತಲೆನೋವಿನ ವಿಷಯವನ್ನೂ ಮುಚ್ಚಿಡಲಾಗದೆ ಹೇಳಿಬಿಟ್ಟಳು.

"ಏಳು," ಎಂದಳು ಜೈಬುನ್ನಿಸಾ.

"ಅಲ್ಲಿ ನನ್ನ ಒಬ್ಬಾಕಿನ ಹಾಕ್ತಾರ, ಚಾಚಿ."

"ನಾ ಇಲ್ಲೇನು? ಅವರು ಬಾಗಿಲಾ ಹಾಕೂದರಾಗ ನಾ ಒಳಗ ಇರತೇನಿ."

ಬಾಗಿಲಲ್ಲಿ ನಿಂತು ಕೇಳಿದ ಗುರುಬಸವ್ವ ಬೈಯುತ್ತಾಳೆಂದು ನಾಗರತ್ನಾ ಮೈ ಹಿಡಿಮಾಡಿಕೊಂಡಳು. ಗುರುಬಸವ್ವ ನೆಲಕ್ಕೆ ಕೂತು ಸೊಸೆಯ ಉಂಗುರಗಳನ್ನು ತಾನೇ ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಖಾಲಿದನ ಟೆಂಪೋದಲ್ಲಿ ಬೈಲಹೊಂಗಲಕ್ಕೆ ಹೋದರು. ಆಸ್ಪತ್ರೆಯಲ್ಲಿ ರಕ್ತದೊತ್ತಡ ಏರಿದೆ, ಹೆರಿಗೆಯಾಗುವವರೆಗೂ ಇಲ್ಲೇ ಇರಬೇಕು ಎಂದರು. ತರಬೇತಿಯ ದಿನಗಳಿಂದ ಜೈಬುನ್ನಿಸಾಳ ಗುರುತಿದ್ದ ನರ್ಸೊಬ್ಬಳು ಏನೂ ಕೇಳದೆ ಮಂಚದ ಬದಿಗೆ ಸ್ಟೂಲು ಸರಿಸಿ ಹೋದಳು. ನಾಗರತ್ನಾಳಿಗೆ ಮಂಪರು ಹತ್ತುವುದು, ಬೆಚ್ಚಿ ಕಣ್ಣು ತೆರೆಯುವುದು, ತಡಕಾಡಿ ಜೈಬುನ್ನಿಸಾಳ ಎಡಗೈಯನ್ನು ಇನ್ನೂ ಬಿಗಿಯಾಗಿ ಹಿಡಿಯುವುದು ನಡೆದೇ ಇತ್ತು. ಅವಳು ಸ್ಟೂಲಿನಿಂದ ನೀರಿಗೂ ಏಳಲಿಲ್ಲ.

ಸಂಜೆ ಗುರುಬಸವ್ವ ಊರಿನಿಂದ ಬುತ್ತಿ ತಂದಳು. ಸೊಸೆಯ ಕಾಲು ಮುಟ್ಟಿ ನೋಡಿದಳು. ಮಂಚದ ಮೇಲೆ ಹೆಣೆದುಕೊಂಡಿದ್ದ ಎರಡು ಕೈಗಳನ್ನು ನೋಡಿದಳು. ಆಮೇಲೆ ಬುತ್ತಿ ಬಿಚ್ಚಿ, ತಾನು ದಿನಾ ಉಣ್ಣುವ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಲೆ ಹಾಕಿ, ಜೈಬುನ್ನಿಸಾಳ ಬಿಡುವಾಗಿದ್ದ ಬಲಗೈಗೆ ಕೊಟ್ಟಳು.