ಮಹಾರಾಜರ ಹಿಮ್ಮಡಿ

ನಮ್ಮ ಯಜಮಾನರು ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅರವತ್ತೊಂದನೇ ವಯಸ್ಸಿಗೆ ಮಹಾರಾಜರಾಗಲು ಹೊರಟರು. ಗುಬ್ಬಿಯಲ್ಲಿ ಆಡುವ ಪೌರಾಣಿಕ ನಾಟಕದಲ್ಲಿ ಅವರಿಗೆ ರಾಜನ ಪಾರ್ಟು. ಪರದೆ ಎದ್ದ ಕೂಡಲೇ ಎರಡು ಸಲ ಎಗರಿ, ದಪ್ಪೆಂದು ಕಾಲು ಹೊಡೆದು ಹಾಡಬೇಕು. ಉಪ್ಪಾರಹಳ್ಳಿಯ ನಮ್ಮ ನಡುಮನೆಯಲ್ಲಿ ಎರಡು ತಿಂಗಳು ಇದೇ ಅಭ್ಯಾಸ. ಷೋಕೇಸಿನ ಲೋಟಗಳೂ ಜೊತೆಗೆ ಕುಣಿದವು.

ನಾಟಕಕ್ಕೆ ಹತ್ತು ದಿನವಿದೆ ಎನ್ನುವಾಗ ಉರಿಮೂತ್ರ, ಜ್ವರ. ಡಾಕ್ಟರ್ ಸುಮನಾ ಸಿಪ್ರೊಫ್ಲಾಕ್ಸಸಿನ್ ಅನ್ನೋ ಮಾತ್ರೆ ಬರೆಯುವ ಮುಂಚೆ ಕೇಳಿದಳು: "ಬೇರೆ ಮಾತ್ರೆ ಏನಾದ್ರೂ ತಗೋತಿದೀರಾ ಸಾರ್?"

"ಏನೂ ಇಲ್ಲಮ್ಮ, ಕಲ್ಲುಗುಂಡಿನಂಗಿದೀನಿ," ಎಂದರು ಇವರು, ಎದೆ ಸೆಟೆಸಿಕೊಂಡು.

"ನೀರಲ್ಲೇ ನುಂಗಿ, ಹಾಲು ಬೇಡ. ಕೀಲು, ನರ ಎಲ್ಲಾದ್ರೂ ನೋವು ಬಂದ್ರೆ ಮಾತ್ರೆ ನಿಲ್ಸಿ ತಕ್ಷಣ ಬನ್ನಿ."

ಮೂವತ್ತು ದಾಟದ ಹುಡುಗಿ, ಉಷ್ಣ ಶೀತ ಅವಳಿಗೇನು ಗೊತ್ತು! ಅಷ್ಟು ದಪ್ಪ ಮಾತ್ರೆ ಉಷ್ಣ ಮಾಡದೆ ಬಿಡುತ್ತದೆಯೇ? ಎರಡು ಹೊತ್ತೂ ಮಾತ್ರೆಯ ಮೇಲೆ ಒಂದೊಂದು ಲೋಟ ಹಾಲು ಕುಡಿಸಿದೆ. ಹೌದು, ನಾನೇ.

ನಾಲ್ಕು ದಿನವಾದರೂ ಜ್ವರ ಇಳಿಯಲಿಲ್ಲ. ಮೇಲಾಗಿ ಮಹಾರಾಜರು ಕುಂಟುತ್ತಾ ಬಂದರು. ಹಿಮ್ಮಡಿಯ ಮೇಲೆ, ಹಿಂಬದಿಗೆ ನೋವಂತೆ.

"ಪ್ರಾಕ್ಟೀಸ್ ನೋವು ಕಣೇ, ಬಿಡು. ಇನ್ನೊಂದ್ಸಲ ಎಗರಿದ್ರೆ ಸರಿಹೋಗುತ್ತೆ," ಎಂದು ಪಂಚೆ ಕಟ್ಟಿದರು.

ಮುಲಾಮು ಹುಡುಕಲು ಅವರ ಮೇಕಪ್ ಡಬ್ಬಿ ತೆಗೆದೆ. ಬಣ್ಣದ ಕೆಳಗೆ ಇನ್ನೊಂದು ಮಾತ್ರೆಯ ಪಟ್ಟಿ! ಕೇಳಿದರೆ ಉಬ್ಬಸಕ್ಕಂತೆ, ಒಂದು ತಿಂಗಳಿಂದ ಕದ್ದು ನುಂಗುತ್ತಿದ್ದರಂತೆ. ಏದುಸಿರು ಬಿಡುವ ರಾಜನನ್ನು ನಾಟಕದ ಮೇಷ್ಟ್ರು ಚನ್ನವೀರಯ್ಯನವರು ಇಟ್ಟುಕೊಳ್ಳುವುದಿಲ್ಲ ಎಂಬ ಭಯ. ನನಗೆ ಮೈಯೆಲ್ಲ ಉರಿದುಹೋಯಿತು. ಎಳೆದುಕೊಂಡು ಆಟೋ ಹತ್ತಿಸಿದೆ.

ಪಟ್ಟಿ ನೋಡಿ ಸುಮನಾ ತಲೆ ಚಚ್ಚಿಕೊಂಡಳು. "ಇದು ಸ್ಟೀರಾಯ್ಡ್ ಸಾರ್! ಅರವತ್ತು ದಾಟಿದವರು ಇದ್ರ ಜೊತೆ ಆ ಮಾತ್ರೆ ತಗೊಂಡ್ರೆ ಹಿಮ್ಮಡಿ ನರಕ್ಕೆ ಅಪಾಯ ಜಾಸ್ತಿ. ಈಗ ಎಗರಿದ್ರೆ ಪಟ್ ಅಂತ ಹರ್ದುಹೋಗ್ಬೋದು. ಆಮೇಲೆ ನಡೆಯೋದೇ ಕಷ್ಟ. ಸಿಪ್ರೊ ಇವತ್ತೇ ನಿಲ್ಸಿ, ಬೇರೆ ಬರ್ಕೊಡ್ತೀನಿ. ಉಬ್ಬಸದ್ದನ್ನ ಮಾತ್ರ ನೀವಾಗೇ ನಿಲ್ಲಿಸ್ಬೇಡಿ. ವಾರಗಟ್ಟಲೆ ಎಗರೋ ಹಾಗಿಲ್ಲ." ನನ್ನ ಕಡೆ ತಿರುಗಿದಳು. "ಜ್ವರ ಯಾಕೆ ಇಳ್ದಿಲ್ಲ? ನೀರಲ್ಲೇ ಕೊಟ್ರಿ ತಾನೇ?"

"ಹಾಲಲ್ಲಿ," ಎಂದೆ ನೆಲ ನೋಡುತ್ತಾ.

"ಅಮ್ಮಾ! ಹಾಲಿನ ಜೊತೆ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ."

ಅವರು ಮಾತ್ರೆ ಬಚ್ಚಿಟ್ಟವರು, ನಾನು ಹಾಲು ಕುಡಿಸಿದವಳು. ಯಾರು ಯಾರನ್ನು ಬೈಯಬೇಕು?

ಹೊಸ ಮಾತ್ರೆಗೆ ಜ್ವರ ಇಳಿಯಿತು. ಮೇಷ್ಟ್ರ ಮುಂದೆ ಹೋಗಿ ಇವರು ಎಲ್ಲ ಒಪ್ಪಿಕೊಂಡರು. ಚನ್ನವೀರಯ್ಯನವರು ನಕ್ಕುಬಿಟ್ಟರು. "ರಾಜ ಎಗರಲೇಬೇಕು ಅಂತ ಎಲ್ಲೈತೆ? ಸಿಂಹಾಸನದ ಮೇಲೆ ಕೂತ್ಕೊಂಡೇ ಹಾಡಿ."

ಗುಬ್ಬಿಯಲ್ಲಿ ಪರದೆ ಎದ್ದಿತು. ಕಿರೀಟ ತೊಟ್ಟು ಕೂತೇ ಹಾಡಿದರು. ಏನು ಕಂಠ! ಜನ ಸಿಳ್ಳೆ ಹೊಡೆದರು, ಒನ್ಸ್ ಮೋರ್ ಎಂದು ಕೂಗಿದರು. ಅಷ್ಟೇ ಸಾಕಾಯಿತು. ಸಿಂಹಾಸನದ ಕೈ ಹಿಡಿದು ಎದ್ದರು, ಮಂಡಿ ಬಗ್ಗಿಸಿದರು. ಎಗರುವ ಭಂಗಿ ನನಗೆ ಗೊತ್ತಿಲ್ಲವೇ? ಸಭೆಯ ನಡುವಿನಿಂದಲೇ ಎದ್ದು ನಿಂತು ಕೂಗಿದೆ:

"ಷಡಕ್ಷರೀ, ಕೂತ್ಕೊಳೋ!"

ಮದುವೆಯಾದ ಮೂವತ್ತೈದು ವರ್ಷದಲ್ಲಿ ಅವರ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಅದೂ ಏಕವಚನದಲ್ಲಿ, ಅಷ್ಟು ಜನರ ಮುಂದೆ. ಅವರು ದಬಕ್ಕನೆ ಕೂತರು. ಸಭೆ ಗೊಳ್ಳೆಂದಿತು. ನಾನು ನಾಚಿ ಸತ್ತೇಹೋದೆ.

ಅವರು ಕಿರೀಟ ಸರಿಮಾಡಿಕೊಂಡು, ರಾಜಗಾಂಭೀರ್ಯದಲ್ಲಿ ನನ್ನತ್ತ ಕೈ ಚಾಚಿದರು. "ಅಪ್ಪಣೆ, ಮಹಾರಾಣಿ! ಆದರೆ ಹಾಲು ಮಾತ್ರ ಬೇಡ!"

ಸಭೆಗೆ ತಲೆಬುಡ ತಿಳಿಯಲಿಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.