ಅಚ್ಚಾಗದ ನಾಲ್ಕು ಸಾಲು

ಕೆಮ್ಮು ನಿಂತ ಕೂಡಲೇ ಔಷಧಿ ಬಿಡುವವರು ಒಬ್ಬಿಬ್ಬರಲ್ಲ. ಮುಲುಂಡಿನ ಚಾಳಿನ ಒಂದು ಕೋಣೆಯಲ್ಲಿದ್ದ ಸಂಗಪ್ಪನೂ ಬಿಟ್ಟ. ಸುಮ್ಮನೆ ಬಿಟ್ಟವನಲ್ಲ, ಪತ್ರಿಕೆಯಲ್ಲಿ ಒಂದು ಲೇಖನ ಓದಿ ಬಿಟ್ಟವನು. ಅದನ್ನು ಬರೆದವಳು ಗೋರೆಗಾಂವಿನ ವಿನೋದಿನಿ.

ವಿನೋದಿನಿ ಉಡುಪಿ ಕಡೆಯವಳು. ಯಾವ ಆಫೀಸಿನ ನೌಕರಿಯೂ ಅವಳಿಗಿರಲಿಲ್ಲ. ಡಾಕ್ಟರರನ್ನು ಕಂಡು, ಲೈಬ್ರರಿಯಲ್ಲಿ ಕೂತು ಓದಿ, ರೋಗ ಔಷಧಿಗಳ ವಿಷಯ ಕನ್ನಡದಲ್ಲಿ ಬರೆದು ಊರಿನ ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸುವುದೇ ಕಸುಬು. ಬಾಗಿಲು ಹಾಕಿಕೊಂಡು ಈ ಹೆಂಗಸು ಏನು ಮಾಡುತ್ತಾಳೆಂದು ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ. ಆ ಬಿಲ್ಡಿಂಗಿನಲ್ಲಿ ಕನ್ನಡ ಓದುವವರೇ ಇರಲಿಲ್ಲ. ಒಂಬತ್ತು ವರ್ಷ ಹೀಗೆ ಬರೆದಳು. ಅದನ್ನೆಲ್ಲ ಯಾರಾದರೂ ಓದುತ್ತಾರೋ ಇಲ್ಲವೋ, ಅದೂ ಅವಳಿಗೆ ತಿಳಿಯದು.

೧೯೫೬ರಲ್ಲಿ ಒಂದು ಶನಿವಾರ ಬೆಳಿಗ್ಗೆ ಸಂಪಾದಕರ ಲಕೋಟೆ ಬಂತು. ಒಳಗೆ ಓದುಗನೊಬ್ಬನ ಕಾರ್ಡು.

"ಡಾಕ್ಟರ ಸಾಹೇಬರಿಗೆ ಮುಲುಂಡಿನ ಸಂಗಪ್ಪನ ನಮಸ್ಕಾರ. ಕ್ಷಯಕ್ಕ ಹೊಸ ಔಷಧ ಬಂದೈತಿ ಅಂತ ನೀವು ಬರದದ್ದು ಓದಿ ದವಾಖಾನಿಗೆ ಹೋದೆ. ನೀವು ಬರದಂಗ ಎರಡ ತಿಂಗಳಿಗೆ ಕೆಮ್ಮ ಹೋತು. ಔಷಧ ಬಿಟ್ಟೀನಿ. ಸೋಮವಾರದಿಂದ ಕೆಲಸಕ್ಕ ಹೊಂಟೀನಿ. ನಿಮ್ಮಿಂದ ಜೀವ ಉಳೀತು."

ವಿನೋದಿನಿಗೆ ಅಳು ಬಂತು. ಒಂಬತ್ತು ವರ್ಷಕ್ಕೆ ಬಂದ ಮೊದಲ ಕಾಗದ. ಎರಡನೇ ಸಲ ಓದಿದಾಗ 'ಔಷಧ ಬಿಟ್ಟೀನಿ' ಎಂಬಲ್ಲಿ ಕಣ್ಣು ನಿಂತಿತು. ಔಷಧ ಬಿಟ್ಟಿದ್ದಾನೆಯೆ? ಪತ್ರಿಕೆ ತೆಗೆದು ನೋಡಿದಳು. "ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ" ಎಂಬಲ್ಲಿಗೆ ಲೇಖನ ಮುಗಿದಿತ್ತು. ಅದರ ಕೆಳಗೆ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಆದರೂ ಔಷಧಿ ಬಿಡಬಾರದೆಂದು ಅವಳು ಬರೆದ ಕೊನೆಯ ನಾಲ್ಕು ಸಾಲು ಜಾಗ ಸಾಲದೆ ಬಿದ್ದುಹೋಗಿದ್ದವು. ಅಚ್ಚಿನಲ್ಲಿ ತನ್ನ ಹೆಸರು ಕಂಡ ಖುಷಿಗೆ ಪತ್ರಿಕೆಯನ್ನು ಮಡಿಸಿ ಎತ್ತಿಟ್ಟಿದ್ದಳೇ ಹೊರತು ಪೂರ್ತಿ ಓದಿಯೇ ಇರಲಿಲ್ಲ.

ಕಾಗದ ಬರೆದರೆ ಸೋಮವಾರದೊಳಗೆ ಮುಟ್ಟದು. ಲೇಖನದ ಕೈಬರಹದ ಪ್ರತಿಯನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟಳು. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಮುಲುಂಡಿಗೆ ಬಂದಳು.

ಬಾಗಿಲು ತೆಗೆದವಳು ಸಂಗಪ್ಪನ ಹೆಂಡತಿ ದಾನವ್ವ. ಒಳಗೆ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ ಆ ಲೇಖನವನ್ನು ಅಂಟಿಸಿದ್ದರು. ಅದಕ್ಕೂ ಕುಂಕುಮ ಹಚ್ಚಿತ್ತು. ವಿನೋದಿನಿಗೆ ನಾಚಿಕೆಯಾಯಿತು. ನಿಂತಲ್ಲೇ ತಾನು ಯಾರೆಂದು ಹೇಳಿದಳು.

"ಅಂದ್ರ ನೀವು ಡಾಕ್ಟರ ಅಲ್ಲೇನ್ರಿ?" ಸಂಗಪ್ಪ ಕೇಳಿದ.

"ಅಲ್ಲ, ಡಾಕ್ಟರರನ್ನು ಕೇಳಿ ಬರೆಯುವವಳು. ಔಷಧಿ ಬಿಡಬೇಡಿ ಮಾರಾಯ್ರೆ. ಒಂದೂವರೆ ವರ್ಷವಾದರೂ ತಗೊಳ್ಳಬೇಕು."

"ಕೆಮ್ಮ ಇಲ್ಲ, ಜ್ವರ ಇಲ್ಲ, ಮೂರ ರೊಟ್ಟಿ ತಿಂತೀನಿ. ಮತ್ಯಾಕ್ರಿ ಔಷಧ? ಉಳಿದ ಗುಳಗಿ ಬಾಜೂ ಖೋಲಿ ನಾಗವ್ವಗ ಕೊಟ್ಟೀವಿ. ಆಕಿಗೂ ಕೆಮ್ಮ ಐತಿ."

"ಪಕ್ಕದ ಮನೆಯವರಿಗೆ ಹಾಗೆಲ್ಲ ಕೊಡಬಾರದು. ಅವರನ್ನು ಡಾಕ್ಟರ್ ನೋಡಬೇಕು. ನಿಮ್ಮ ಕೆಮ್ಮು ಹೋಗಿದೆ, ಕ್ರಿಮಿ ಹೋಗಲಿಲ್ಲ, ಒಳಗೇ ಉಂಟು. ಈಗ ಬಿಟ್ಟರೆ ಅದು ಪುನಃ ಏಳ್ತದೆ. ಆಮೇಲೆ ಇದೇ ಔಷಧಿ ನಾಟದೇ ಹೋಗಬಹುದು. ಮನೆಯವರಿಗೂ ತಾಗ್ತದೆ."

ಚೀಲದಿಂದ ತನ್ನ ಕೈಬರಹದ ಪ್ರತಿ ತೆಗೆದು ಕೊನೆಯ ನಾಲ್ಕು ಸಾಲು ತೋರಿಸಿದಳು. ಸಂಗಪ್ಪ ಓದಿದ. ಗೋಡೆಯ ಕಡೆ ನೋಡಿದ.

"ಇದು ಕೈಲೆ ಬರದದ್ದು. ಯಾರು ಬೇಕಾದವರು ಬರೀಬಹುದು. ಅಚ್ಚ ಆದದ್ದು ಸುಳ್ಳ ಆಗತೈತೇನ್ರಿ?"

ವಿನೋದಿನಿ ಪ್ರತಿಯನ್ನು ಮಡಿಸಿದಳು. ಅಚ್ಚಾದದ್ದನ್ನು ಜನ ನಂಬಲಿ ಎಂದೇ ಒಂಬತ್ತು ವರ್ಷ ಬರೆದವಳು ಅವಳು.

"ತಪ್ಪು ನನ್ನದು. ಅಚ್ಚಾದ ಮೇಲೆ ಒಮ್ಮೆ ಓದಿ ನೋಡಬೇಕಿತ್ತು, ನೋಡಲಿಲ್ಲ," ಎಂದಳು.

ದಾನವ್ವ ಗಂಡನ ಕಡೆ ತಿರುಗಿದಳು. "ತಾವ ಬರದದ್ದು ತಪ್ಪೈತಿ ಅಂತ ಹೇಳಾಕ ಇಷ್ಟ ದೂರ ಬಂದಾರ. ಅದರಾಗ ಅವರಿಗೇನ ಸಿಗತೈತಿ? ಏಳ್ರಿ, ದವಾಖಾನಿಗೆ ಹೋಗಿ ಕೇಳೂಣು. ನಾಗವ್ವನ್ನೂ ಕರೀತೀನಿ."

ದವಾಖಾನೆಯ ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಎಡ ಶ್ವಾಸಕೋಶದಲ್ಲಿ ಕ್ಷಯದ ಕಲೆ ಇನ್ನೂ ಹಾಗೇ ಇತ್ತು. ಸಂಗಪ್ಪ ಅದನ್ನು ತುಂಬ ಹೊತ್ತು ನೋಡಿದ. ಸೋಮವಾರ ಕೆಲಸಕ್ಕೆ ಹೋಗುವುದಿಲ್ಲ, ಗುಳಿಗೆ, ಸೂಜಿ ಮತ್ತೆ ಶುರು ಮಾಡುತ್ತೇನೆ ಎಂದ. ಡಾಕ್ಟರು ನಾಗವ್ವನ ಪರೀಕ್ಷೆಗೂ ಚೀಟಿ ಬರೆದರು.

"ಉಂಡ ಹೋಗ್ರಿ ಅಕ್ಕಾರ. ಮನ್ಯಾಗ ಯಾರರ ದಾರಿ ಕಾಯ್ತಾರೇನು?" ಎಂದಳು ದಾನವ್ವ, ಮನೆಗೆ ಮರಳಿದ ಮೇಲೆ.

"ಯಾರೂ ಇಲ್ಲ," ಎಂದು ವಿನೋದಿನಿ ಊಟಕ್ಕೆ ಕೂತಳು. ಯಾರದೋ ಮನೆಯಲ್ಲಿ ಬಡಿಸಿಕೊಂಡು ಉಂಡು ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

ಮರಳುವಾಗ ಲೋಕಲಿನಲ್ಲಿ ಅವಳಿಗೆ ಒಂದೇ ಚಿಂತೆ. ಪತ್ರಿಕೆ ಸಾವಿರಾರು ಮನೆಗೆ ಹೋಗಿದೆ. ಕಾಗದ ಬರೆದದ್ದು ಒಂದೇ ಮನೆಯವರು. ತಿದ್ದುಪಡಿ ಅಚ್ಚು ಹಾಕಿಸಬಹುದು, ಅದು ಎಲ್ಲರ ಕಣ್ಣಿಗೆ ಬಿದ್ದೀತೆಂದು ಏನು ನಂಬಿಕೆ? ಉಳಿದ ಮನೆಗಳ ವಿಳಾಸ ಅವಳ ಹತ್ತಿರ ಇರಲಿಲ್ಲ.

ಓದುವವರೇ, ಓದಿಸಿ ಕೇಳುವವರೇ, ಆ ಉಳಿದ ಮನೆ ನಿಮ್ಮದೇ ಇರಬಹುದು. ಕೆಮ್ಮು ನಿಂತರೂ ಡಾಕ್ಟರು ಸಾಕು ಎನ್ನುವ ತನಕ ಕ್ಷಯದ ಔಷಧಿ ಬಿಡಬೇಡಿ. ನಿಮ್ಮ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿ, ಅವರನ್ನೇ ದವಾಖಾನೆಗೆ ಕರೆದೊಯ್ಯಿರಿ. ಈಗಾಗಲೇ ಬಿಟ್ಟಿದ್ದರೆ ಇವತ್ತೇ ಹೋಗಿ ಡಾಕ್ಟರಿಗೆ ಹೇಳಿ. ವಿನೋದಿನಿ ನಿಮ್ಮ ಮನೆಗೆ ಬರಲಾರಳು.